ಬರಿದಾಗದ ಮಗ್ಗ

ಸಾಬಮ್ಮ ಆ ಮನೆಯ ಬಾಗಿಲಿಗೆ ಮೊದಲ ಸಲ ಹೋದದ್ದು ಮೀನು ಮಾರುವ ನೆಪದಲ್ಲಿ. ಒಳಗಿನಿಂದ ಏನೋ ಕುಟ್ಟುವ ಸದ್ದು ದಿನವೂ ಓಣಿಗೆ ಕೇಳುತ್ತಿತ್ತು. ಒನಕೆಯ ಸದ್ದಾಗಿದ್ದರೆ ಅವಳು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕಲ್ಲು ಒಡೆಯುವ ಸದ್ದಾಗಿದ್ದರೆ ಶಹಾಬಾದಿನಲ್ಲಿ ಕೂಸಿಗೂ ಗುರುತು ಸಿಗುತ್ತಿತ್ತು. ಇದು ಮೆತ್ತಗಿನ ಸದ್ದು. ಒಂದೇ ಸಮನೆ ಕೇಳಿಸಿ, ನಿಂತು, ಮತ್ತೆ ಶುರುವಾಗುವಂಥದು. ಮಳಖೇಡದ ಹೊಳೆದಂಡೆಯಲ್ಲಿ ಹುಟ್ಟಿ ಬೆಳೆದು, ಖಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಎತ್ತುವ ಶಿವರಾಯನ ಹೆಂಡತಿಯಾಗಿ ಬಂದು ವರ್ಷವಾಗಿತ್ತು. ಈ ಊರಿನಲ್ಲಿ ಅವಳಿಗೆ ಏನೆಂದು ತಿಳಿಯದೆ ಉಳಿದದ್ದು ಆ ಸದ್ದು ಒಂದೇ.

ಬಾಗಿಲು ತೆರೆದವಳು ತಾಜುನ್ನಿಸಾ. ನಲವತ್ತರ ಆಚೀಚೆಯ ಹೆಂಗಸು, ತಲೆಯ ಮೇಲಿನ ಸೆರಗಿಗೆಲ್ಲ ನೂಲಿನ ಧೂಳು. ರಜಾಕಾರರ ಗದ್ದಲದ ವರ್ಷ ಮನೆಯಿಂದ ಹೊರಗೆ ಹೋದ ಆಕೆಯ ಗಂಡ ತಿರುಗಿ ಬಂದಿರಲಿಲ್ಲ. ಓಣಿಯಲ್ಲಿ ಯಾರೂ ಅದನ್ನು ಕೇಳುತ್ತಿರಲಿಲ್ಲ, ಆಕೆಯೂ ಹೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿದ್ದ ಸಂಗತಿಯ ಮೇಲೆ ಊರು ಹೀಗೆ ಹೊದಿಕೆ ಹಾಕಿತ್ತು.

"ಮೀನು ಬ್ಯಾಡ," ಎಂದಳು ತಾಜುನ್ನಿಸಾ.

ಸಾಬಮ್ಮನ ಕಣ್ಣು ಆಗಲೇ ಒಳಗೆ ಹೋಗಿತ್ತು. ಪಡಸಾಲೆಯ ತುಂಬ ಒಂದು ನಿಂತ ಮಗ್ಗ. ಮೇಲೊಂದು, ಕೆಳಗೊಂದು ದಪ್ಪ ಸಾಗವಾನಿ ತೊಲೆ. ಎರಡರ ನಡುವೆ ಬಿಸಿಲಿಗೆ ಬಲೆ ಹರವಿದ ಹಾಗೆ ಬಿಗಿದು ಕಟ್ಟಿದ ಹಾಸಿನ ಎಳೆಗಳು. ಕೆಳಗೆ ಕೆಂಪು ಬಿಳಿ ಪಟ್ಟೆಯ ಜಮಖಾನ ಮೊಳಕಾಲೆತ್ತರ ಬಂದಿತ್ತು. ಅದರ ಮೇಲೆ ಕಬ್ಬಿಣದ ಹಲ್ಲುಗಳ ಹಣಿಗೆಯೊಂದು ಮಲಗಿತ್ತು. ಅದಕ್ಕೆ ಪಂಜಾ ಎನ್ನುತ್ತಾರೆಂದೂ, ಅಡ್ಡ ಹೊಕ್ಕಿನ ನೂಲನ್ನು ಬಡಿದು ಕೂಡಿಸುವ ಅದರ ಏಟೇ ಓಣಿಗೆ ಕೇಳುವ ಸದ್ದೆಂದೂ ಅವಳಿಗೆ ಆಮೇಲೆ ತಿಳಿಯಿತು.

"ಅಲ್ಲಿ ಒಂದು ಎಳಿ ಹರದದ ನೋಡ್ರಿ."

"ಗೊತ್ತದ ತಂಗಿ. ಅದನ್ನೇ ಕಟ್ಟಾಕತ್ತಿದ್ದೆ, ನೀ ಬಾಗಲಾ ಬಡದಿ."

ಸಾಬಮ್ಮ ಬುಟ್ಟಿ ಕೆಳಗಿಟ್ಟು ಒಳಗೆ ಕಾಲಿಟ್ಟೇಬಿಟ್ಟಳು. "ಏ, ಮೀನಿನ ಕೈ! ಕೈ ತೊಳಿ ಮೊದಲ!" ಎಂದು ತಾಜುನ್ನಿಸಾ ಕೂಗಿದಳು. ಸಾಬಮ್ಮ ಕೈ ತೊಳೆದು, ಸೀರೆಗೆ ಒರೆಸಿ, ಹರಿದ ಎಳೆಯ ಎರಡೂ ತುದಿ ಹಿಡಿದು ಒಂದು ಮಡಿಕೆ, ಒಂದು ಸುತ್ತು ಹಾಕಿ ಎಳೆದಳು. ಗಂಟು ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿ ಕೂತಿತು.

ತಾಜುನ್ನಿಸಾ ಬಗ್ಗಿ ನೋಡಿದಳು. "ಈ ಗಂಟು ನಿಂಗ ಯಾರು ಕಲಸಿದ್ರು?"

"ನಮ್ಮಪ್ಪ. ಇದು ಮೀನಿನ ಬಲಿ ಗಂಟರಿ."

"ಎಲ್ಲಿ ಬಲಿ ಗಂಟು? ಇದು ನೇಯೋರ ಗಂಟು. ನಮ್ಮ ಅತ್ತಿ ನನಗ ವರ್ಷಾನಗಟ್ಟಲೆ ಕಾಯಿಸಿ ಇದನ್ನ ಕಲಸ್ಯಾರ."

"ನಮ್ಮಲ್ಲಿ ಮೂಗು ಒರಸ್ಕೊಳ್ಳೂದಕ್ಕಿಂತ ಮೊದಲ ಇದನ್ನೇ ಕಲಸ್ತಾರ್ರಿ," ಎಂದಳು ಸಾಬಮ್ಮ.

ತಾಜುನ್ನಿಸಾ ನಕ್ಕಳು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು ಎಂದು ಪಕ್ಕದ ಮನೆಯವರು ಆಮೇಲೆ ಹೇಳಿದರು. "ನಾಳಿ ಬಾ," ಎಂದಳು. "ಬುಟ್ಟಿ ತರಬ್ಯಾಡ. ಕೈ ಅಷ್ಟೇ ತಗೊಂಡು ಬಾ."

ನಾಳೆ ಬಾ ಎನ್ನುವುದು ಸುಲಭ. ಸಾಬಮ್ಮನ ನಾಳೆ ಕೋಳಿ ಕೂಗುವ ಮೊದಲೇ ಬೀಸುವ ಕಲ್ಲಿನ ಮುಂದೆ ಶುರುವಾಗುತ್ತಿತ್ತು. ಬೀಸಿದ ಮೇಲೆ ನೀರು, ನೀರಿನ ಮೇಲೆ ಸಗಣಿ, ಆಮೇಲೆ ರೊಟ್ಟಿ. ರೊಟ್ಟಿ ಕಟ್ಟಿಕೊಂಡು ಖಣಿಯತನಕ ಹೋಗಿ ಶಿವರಾಯನಿಗೆ ಕೊಟ್ಟು ಬರಬೇಕು. ಖಣಿಯಿಂದ ಮರಳಿ ಸಂಜೆ ಒಲೆ ಹೊತ್ತಿಸುವವರೆಗಿನ ಹೊತ್ತನ್ನು ಅವಳ ಅತ್ತೆ 'ಸೊಸಿ ಮಲಗೋ ಹೊತ್ತು' ಎನ್ನುತ್ತಿದ್ದಳು. ಸೊಸೆ ಮಲಗಿದ್ದನ್ನು ಮಾತ್ರ ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಆ ಹೊತ್ತಿನಲ್ಲಿ ಜೋಳ ಕೇರಬೇಕು, ಹರಿದದ್ದು ಹೊಲಿಯಬೇಕು, ಅತ್ತೆಯ ಕಾಲು ಒತ್ತಬೇಕು. ಸಾಬಮ್ಮ ಅದರಲ್ಲೇ ಒಂದು ತುಂಡು ಕದ್ದಳು. ಖಣಿಯಿಂದ ಬರುವಾಗ ದಾರಿಯಲ್ಲೇ ತಾಜುನ್ನಿಸಾಳ ಮನೆ ಹೊಕ್ಕು, ಬೆವರು ಆರುವ ಮೊದಲು ಮಗ್ಗದ ಮುಂದಿನ ಹಲಗೆಯ ಮೇಲೆ ಕೂತುಬಿಡುತ್ತಿದ್ದಳು.

ಮೊದಲು ಮಾಡಿದ್ದು ತಪ್ಪು ಕೆಲಸ. ತಾಜುನ್ನಿಸಾ ಅವಳಿಗೆ ಹೊಕ್ಕಿನ ನೂಲು ಹೊಸೆಯಲು ಕೊಟ್ಟಳು. ಸಾಬಮ್ಮ ಹುಟ್ಟಿದಾಗಿನಿಂದ ನೂಲು ಹೊಸೆದದ್ದು ಬಲೆಗೆ. ಬಲೆಯ ನೂಲು ನೀರಲ್ಲಿ ನೆನೆದು ಬಿಚ್ಚಿಕೊಳ್ಳಬಾರದೆಂದು ಅದನ್ನು ಕಿರುಗುಟ್ಟುವಷ್ಟು ತಿರುವಿ ತಿರುವಿ ಹೊಸೆಯುತ್ತಾರೆ. ಇಲ್ಲೂ ಹಾಗೆಯೇ ಮಾಡಿದಳು. ಆ ನೂಲಿನಲ್ಲಿ ನೇಯ್ದ ನಮಾಜಿನ ಜಮಖಾನವನ್ನು ಮಗ್ಗದಿಂದ ಕೊಯ್ದು ನೆಲಕ್ಕೆ ಹಾಸಿದರೆ, ಹೆಂಚಿನ ಮೇಲಿನ ರೊಟ್ಟಿಯ ಹಾಗೆ ನಾಲ್ಕೂ ಮೂಲೆ ಮೇಲೆದ್ದವು. ತಾಜುನ್ನಿಸಾ ಒಂದು ಮೂಲೆಯನ್ನು ಕಾಲಲ್ಲಿ ಒತ್ತಿದಳು. ಇನ್ನೊಂದು ಎದ್ದಿತು.

"ಇದರ ಮ್ಯಾಲ ನಮಾಜಿಗೆ ಬಗ್ಗಿದವರ ಮೂಗಿಗೆ ಬಡೀತದಲ್ಲೇ ತಂಗಿ!"

ಸಾಬಮ್ಮನ ಕಣ್ಣಲ್ಲಿ ನೀರು ತುಂಬಿತು. ತಾಜುನ್ನಿಸಾ ಉಳಿದ ನೂಲಿನ ಲಡಿಯನ್ನು ಕೈಗೆ ತೆಗೆದುಕೊಂಡು, ಎರಡೂ ತುದಿ ಹಿಡಿದು ಜಗ್ಗಿದಳು. ಹರಿಯಲಿಲ್ಲ. ಹಲ್ಲಿನಲ್ಲಿ ಕಚ್ಚಿ ಜಗ್ಗಿದಳು. ಆಗಲೂ ಹರಿಯಲಿಲ್ಲ. "ಹೊಕ್ಕಿಗೆ ಇದು ಬ್ಯಾಡ," ಎಂದಳು. "ಹಾಸಿನ ಎಳಿಗೆ ಹಾಕೂಣು." ಬಿಗಿದು ನಿಲ್ಲಬೇಕಾದ ಉದ್ದೆಳೆಗಳಿಗೆ ಆ ನೂಲು ಹೇಳಿ ಮಾಡಿಸಿದಂತಿತ್ತು. ಅಂದಿನಿಂದ ಆ ಮಗ್ಗದಲ್ಲಿ ಹಾಸಿನ ಎಳೆ ಹರಿಯುವುದು ಅಪರೂಪವಾಯಿತು; ಹೊಕ್ಕಿಗೆ ಮೆತ್ತಗೆ ಹೊಸೆಯುವುದನ್ನು ಸಾಬಮ್ಮ ನಿಧಾನವಾಗಿ ಕಲಿತಳು.

ಮೂರನೆಯವಳಾಗಿ ಬಂದವಳು ಶಿವಕಾಂತಮ್ಮ. ಬಜಾರಿನಲ್ಲಿ ಕಿರಾಣಿ ವ್ಯಾಪಾರದ ದೊಡ್ಡ ಲಿಂಗಾಯತ ಮನೆಯ ಹಿರಿಯ ಸೊಸೆ, ಹಣೆಯ ಮೇಲೆ ದಪ್ಪ ವಿಭೂತಿ. ಮೈದುನನ ಲಗ್ನಕ್ಕೆ ಜಮಖಾನ ಹೇಳಲು ಬಂದು ಒಂದಿಷ್ಟು ಹೊತ್ತು ನೋಡುತ್ತಾ ನಿಂತಳು. ಮರುದಿನ ಕೆಲಸ ಎಲ್ಲಿಗೆ ಬಂತೆಂದು ಕೇಳಲು ಬಂದಳು. ಮೂರನೆಯ ದಿನ ಏನೂ ಕೇಳಲಿಲ್ಲ, ಹಲಗೆಯ ತುದಿಗೆ ಕೂತು ನೂಲಿಗೆ ಬೆರಳು ಹಾಕಿದಳು. ಕುಡಿಯುವ ನೀರಿನ ತಂಬಿಗೆ ತನ್ನ ಮನೆಯಿಂದಲೇ ತರುತ್ತಿದ್ದಳು. ಅದನ್ನು ಇಡಲು ತಾಜುನ್ನಿಸಾ ಗೋಡೆಯಲ್ಲೊಂದು ಗೂಡು ತೋರಿಸಿದಳು, ಮಾತು ಬೆಳೆಸಲಿಲ್ಲ.

ಅಗಲದ ಜಮಖಾನಕ್ಕೆ ಮೂವರೂ ಸಾಲಾಗಿ ಕೂರಬೇಕು. ಒಬ್ಬೊಬ್ಬರ ಮುಂದೆ ಒಂದೊಂದು ತುಂಡು ಬೆಳೆಯುತ್ತದೆ. ಏಟು ಬಿದ್ದಷ್ಟು ಬಟ್ಟೆ ಗಟ್ಟಿಯಾಗಿ ಕೆಳಗೆ ಕೂರುತ್ತದೆ, ಏಟು ಸೋತರೆ ಉಬ್ಬಿ ಮೇಲೇರುತ್ತದೆ. ಒಂದು ಮಧ್ಯಾಹ್ನ ತಾಜುನ್ನಿಸಾ ಹಿಂದೆ ಸರಿದು ನಿಂತು ನೋಡಿ ಕೇಳಿದಳು:

"ಶಿವಕ್ಕಾ, ಇವತ್ತು ಎಷ್ಟು ಬೀಸೀರಿ?"

"ನಿಮಗ್ಯಾರು ಹೇಳಿದ್ರು?"

"ನೀವೇ ಬರದೀರಲ್ಲ, ನೋಡ್ರಿ. ನಿಮ್ಮ ಕಡಿ ಎರಡು ಬಟ್ಟು ಎತ್ತರ ಬಂದದ. ಕೈಯಾಗ ಏಟೇ ಇಲ್ಲ."

ಶಿವಕಾಂತಮ್ಮ ತನ್ನ ತೋಳು ಒತ್ತಿಕೊಂಡಳು. ಮನೆಗೆ ಬೀಗರು ಬಂದು ಕೂತು ನಾಲ್ಕು ದಿನವಾಗಿತ್ತು. ಊರಲ್ಲಿ ಹಿಟ್ಟಿನ ಗಿರಣಿ ಇತ್ತು, ಮನೆಯಲ್ಲಿ ಆಳುಗಳೂ ಇದ್ದರು. ಆದರೆ ಗಿರಣಿ ಹಿಟ್ಟು ಸುಟ್ಟಿರುತ್ತದೆ ಎನ್ನುವುದು ಮಾವನ ನಾಲಿಗೆಯ ತೀರ್ಪು. ಆಳು ಬೀಸಿದರೆ ಹಿಟ್ಟು ಕದಿಯುತ್ತಾರೆ ಎನ್ನುವುದು ಅತ್ತೆಯದು. ಇಬ್ಬರ ಮಾತೂ ಉಳಿಯಬೇಕಾದರೆ ಹಿರಿಯ ಸೊಸೆ ಬೀಸಬೇಕು. "ಹೊಲದಾಗಿನ ಎತ್ತಿಗೆ ಸೋಮವಾರ ಬಿಡುವು ಅದ," ಎಂದಳು ಶಿವಕಾಂತಮ್ಮ. "ನನಗ ಯಾವ ವಾರ ಹಚ್ಚಿ ಕೊಟ್ಟಾರ?"

ಮೂರು ಮನೆಯ ಜೋಳವನ್ನೂ ಇಲ್ಲೇ ತಂದು ಸರದಿಯಂತೆ ಬೀಸೋಣ ಎಂದದ್ದು ಸಾಬಮ್ಮ. ತಾಜುನ್ನಿಸಾಳ ಹಿತ್ತಲಲ್ಲಿ ದೊಡ್ಡ ಬೀಸುವ ಕಲ್ಲಿತ್ತು. ಸರದಿ ಬಂದವಳು ಎಲ್ಲರದ್ದೂ ಬೀಸುವುದು, ಅಂದು ಅವಳು ಪಂಜಾ ಮುಟ್ಟುವಂತಿಲ್ಲ. ಉಳಿದಿಬ್ಬರು ದಣಿಯದ ತೋಳಿನಿಂದ ಮಗ್ಗಕ್ಕೆ ಕೂರುವುದು. ಹೀಗೆ ಬಟ್ಟೆಯ ಏರಿಳಿತ ನಿಂತುಹೋಯಿತು. ಒಂದೇ ಕಲ್ಲಿನ ಹಿಟ್ಟು ಮೂರು ಮನೆಗೆ ಹೋಗುತ್ತಿತ್ತು. ಯಾವ ಅತ್ತೆಗೂ ವ್ಯತ್ಯಾಸ ತಿಳಿಯಲಿಲ್ಲ. ಹಿಟ್ಟಿಗೆ ಜಾತಿ ಇರಲಿಲ್ಲ. ಅದು ನೀರು ಹಾಕಿ ನಾದಿದ ಮೇಲೆ ಬರುತ್ತಿತ್ತು.

ಲಗ್ನದ ಜಮಖಾನ ಶಿವಕಾಂತಮ್ಮನ ಮನೆಯಲ್ಲಿ ಹರಡಿದಾಗ ಅದನ್ನು ನೋಡಿದವರಲ್ಲಿ ಬೀಗರ ಪೈಕಿಯ ವಿಮಲಾಬಾಯಿಯೂ ಒಬ್ಬರು. ಚಿಂಚೋಳಿಯಲ್ಲಿ ಹೊಸದಾಗಿ ಶುರುವಾಗಿದ್ದ ಹೆಣ್ಣುಮಕ್ಕಳ ಶಾಲೆಯ ಹೆಡ್ ಬಾಯಿ. ಅವರು ಓಣಿ ಹುಡುಕಿಕೊಂಡು ಬಂದು, ಮಗ್ಗದ ಮುಂದೆ ನಿಂತು, ಗೋಡೆಗೆ ಹಾಕಲು ಒಂದು ದೊಡ್ಡ ಜಮಖಾನ ಬೇಕು ಎಂದರು.

ಸಾಬಮ್ಮ ತಡೆಯಲಾರದೆ ಕೇಳಿದಳು: "ಗೋಡಿ ಮ್ಯಾಲ ಯಾರು ಕುಂದರತಾರ್ರಿ ಬಾಯಾರ?"

ವಿಮಲಾಬಾಯಿ ಜೋರಾಗಿ ನಕ್ಕರು. "ಕುಂದರಾಕಲ್ಲವ್ವ, ನೋಡಾಕ. ನಮ್ಮ ಸಾಲಿಯೊಳಗ ಒಂದು ಉದ್ದನ್ನ ಗೋಡಿ ಅದ. ಒಂದು ಕಿಡಕಿ ಇಲ್ಲ ಅದಕ್ಕ. ಹುಡುಗ್ಯಾರು ದಿನಾ ಸುಣ್ಣ ನೋಡ್ಕೋತ ಕುಂದರತಾವ. ಏನರ ಚಿತ್ರ ತೆಗೀರಿ. ಏನು ತೆಗೀಬೇಕು ಅಂತ ನಾ ಹೇಳೂದಿಲ್ಲ."

ಆ ಮಗ್ಗದಲ್ಲಿ ಅಲ್ಲಿಯವರೆಗೆ ಪಟ್ಟೆ, ಚೌಕ, ಮಸೀದಿಯ ಮಿಹರಾಬಿನ ಕಮಾನು ಬಿಟ್ಟರೆ ಬೇರೆ ಚಿತ್ರ ಬಂದಿರಲಿಲ್ಲ. ಏನು ನೇಯುವುದು ಎಂದು ಮೂವರೂ ಜಗಳಾಡಿದರು. ಬೀಸುತ್ತಿರುವ ಹೆಂಗಸರ ಚಿತ್ರ ಚೆಂದ ಕಾಣಬಹುದು ಎಂದಳು ತಾಜುನ್ನಿಸಾ. "ಏ ಬಿಡ್ರಿ," ಎಂದಳು ಶಿವಕಾಂತಮ್ಮ, "ಮನ್ಯಾಗ ಬೀಸಿ ಬೀಸಿ ಸಾಕಾಗಿ ಸಾಲಿಗಿ ಬಂದ ಹುಡುಗ್ಯಾರು ಗೋಡಿ ಮ್ಯಾಲೂ ಅದನ್ನೇ ನೋಡಬೇಕೇನು?" ಅವಳ ಆಸೆ ಕ್ಯಾಲೆಂಡರಿನ ನವಿಲು. ಕೊನೆಗೆ ಉಳಿದದ್ದು ಸಾಬಮ್ಮನ ಹೊಳೆ. ಮಳೆಗಾಲದ ಕಾಗಿಣಾ, ಎರಡೂ ದಂಡೆ ಮೀರಿದ್ದು, ಅದರ ಮೇಲೆ ಈಗಷ್ಟೇ ಎಸೆದ ಬಲೆ, ಬಲೆಗೆ ಸಿಕ್ಕದ ಮೀನುಗಳು.

"ಹೊಳಿ ಅಂದ ಮ್ಯಾಲ ನೀಲಿ ನೂಲು ತರಬೇಕು," ಎಂದಳು ಶಿವಕಾಂತಮ್ಮ.

"ಮಳಿಗಾಲದಾಗ ನಮ್ಮ ಹೊಳಿ ಬೆಲ್ಲದ ಪಾನಕದ ಬಣ್ಣ ಇರತದರಿ. ನೀಲಿ ಎಲ್ಲಿಂದ ತರಲಿ?"

ಎಷ್ಟೋ ಬಗೆಯ ಕಂದು ಬೇಕಾಯಿತು. ದಾಳಿಂಬೆ ಸಿಪ್ಪೆ, ಕಾಚು, ತುಕ್ಕು ಹಿಡಿದ ಮೊಳೆ ನೆನೆಸಿದ ನೀರು, ಎಲ್ಲ ಕುದಿಸಿದರು. ಚಿತ್ರವನ್ನು ಹಾಸಿನ ಹಿಂದೆ ನಿಲ್ಲಿಸಿಕೊಂಡು ಎಳೆಗಳ ಸಂದಿಯಲ್ಲಿ ನೋಡುತ್ತ ನೇಯಬೇಕು. ಅಷ್ಟು ದೊಡ್ಡ ಕಾಗದ ಎಲ್ಲಿ ಸಿಗಬೇಕು? ಸಾಬಮ್ಮ ಗಂಡನಿಗೆ ಫರಸಿ ಕಲ್ಲು ತಂದುಕೊಡಲು ಹೇಳಿದಳು.

"ಅಷ್ಟು ದೊಡ್ಡ ಕಲ್ಲು ಮಗ್ಗದ ಹಿಂದ ಯಾಕ?" ಎಂದ ಶಿವರಾಯ.

"ಬರೀಲಿಕ್ಕ."

"ನೀವು ಬರೀಲಿಕ್ಕ ನಾ ಕಲ್ಲು ಹೊರಬೇಕೇನು?"

"ನಾ ದಿನಾ ರೊಟ್ಟಿ ಹೊರತೀನಲ್ಲ ಖಣಿತನಕ. ಒಂದಿನ ನೀ ಕಲ್ಲು ಹೊರು."

ಶಿವರಾಯ ಗೊಣಗಿದ. ಆದರೆ ಗೆಳೆಯರನ್ನು ಕರೆದುಕೊಂಡು, ಖಣಿಯಲ್ಲೇ ಅತಿ ಅಗಲದ, ಒಂದು ಗೀರೂ ಇಲ್ಲದ ಚಪ್ಪಡಿಗಳನ್ನು ಆರಿಸಿ ತಂದು ಗೋಡೆಗೆ ಆನಿಸಿ ಹೋದ. ಸಾಬಮ್ಮ ಇದ್ದಿಲು ಹಿಡಿದು, ಕಲ್ಲಿನ ಮೇಲೆ ಉದ್ದಕ್ಕೂ ಹೊಳೆ ಎಳೆದಳು.

ಹೊಳೆ ಮಗ್ಗದ ಮೇಲೆ ಮೊಳದಷ್ಟು ಏರಿದ್ದಾಗ ಲಾಲ್ ಅಹ್ಮದ್ ಬಂದ. ತಾಜುನ್ನಿಸಾಳ ಮೈದುನ, ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಕೆಲಸ. ಸಭ್ಯ ಮನುಷ್ಯ, ಪರಹೆಂಗಸರು ಇದ್ದುದರಿಂದ ಹೊಸ್ತಿಲಾಚೆಯೇ ನಿಂತು, ಕಣ್ಣು ಕೆಳಗೆ ಹಾಕಿ ತನ್ನ ಹೆಂಡತಿಯ ಮಾತು ಎತ್ತಿದ.

"ಭಾಭಿ, ನಜಮುನ್ನೀಸಾ ಬಾಣಂತಿ ಆದಾಗಿಂದ ಹಾಸಗಿ ಬಿಟ್ಟು ಎದ್ದಿಲ್ಲ. ಸಣ್ಣವು ಎರಡು ಅವ. ಮನ್ಯಾಗ ಹೆಣ್ಣಿನ ಕೈ ಇಲ್ಲ. ನೀವೊಬ್ಬರೇ ಇಲ್ಲಿ ಇರೂದೂ ಬರೋಬ್ಬರಿ ಅಲ್ಲ. ವಾಡಿಗಿ ಬರ್ರಿ. ಈ ಮನಿಗಿ ಬೀಗ ಹಾಕೂಣು."

"ಮಗ್ಗ?"

"ಕ್ವಾರ್ಟರ್ಸಿನಾಗ ಇದು ಹಿಡಿಸೂದಿಲ್ಲ. ಬಿಚ್ಚೂಣು. ತೊಲಿ ಸಾಗವಾನಿ ಅವ, ಬಾಗಲದ ಚೌಕಟ್ಟಿಗಿ ಬರತಾವ."

ಸಾಬಮ್ಮನ ಕೈಯಲ್ಲಿದ್ದ ಪಂಜಾ ಗಾಳಿಯಲ್ಲೇ ನಿಂತಿತು. ತಾಜುನ್ನಿಸಾ ಹಾಸಿನ ಕಡೆ ಕೈ ತೋರಿಸಿದಳು.

ಲಾಲ್ ಅಹ್ಮದ್ ತಲೆಯಾಡಿಸಿದ. ಅವನೂ ಆ ಮಗ್ಗದ ಕೆಳಗೇ ತೊಟ್ಟಿಲಲ್ಲಿ ಬೆಳೆದವನು. ಅವನ ತಾಯಿ ಬದುಕಿದ್ದಷ್ಟು ಕಾಲ ಒಂದು ನೇಮ ಬಿಟ್ಟಿರಲಿಲ್ಲ: ಹಾಸು ಇರುವ ಮಗ್ಗದ ಮರಕ್ಕೆ ಕೈ ಹಚ್ಚಬಾರದು. ಉಣ್ಣುವವನ ಮುಂದಿನ ತಾಟು ಎತ್ತಿದ ಹಾಗೆ ಅದು. ಮನೆ ಸೋರಿದಾಗಲೂ ಹಾಸು ಮುಗಿಯುವವರೆಗೆ ಆಕೆ ಮಗ್ಗ ಸರಿಸಲು ಬಿಟ್ಟಿರಲಿಲ್ಲವಂತೆ. "ಅಮ್ಮಿ ಮಾತು ನಾ ಮೀರಾಂಗಿಲ್ಲ ಭಾಭಿ. ಇದು ಕೊಯ್ಯೂ ದಿನ ಹೇಳಿ ಕಳಸ್ರಿ, ಬಂಡಿ ತರತೀನಿ. ಮಗ್ಗ ಬರಿದಾದ ಮ್ಯಾಲೇ ಬಿಚ್ಚತೀನಿ," ಎಂದು ಹೇಳಿ ಹೋದ.

ಅಲ್ಲಿಂದ ಮುಂದೆ ಕೆಲಸವೇ ಶತ್ರುವಾಯಿತು. ಹೊಳೆ ಒಂದು ಬಟ್ಟು ಏರಿದರೆ ಬಂಡಿ ಅಷ್ಟು ಹತ್ತಿರ ಬಂದಂತೆ. ಆ ಹಲಗೆಯ ಮೇಲೆ ಕೂತ ಹೊತ್ತಿನಲ್ಲಿ ಸಾಬಮ್ಮ ಯಾರ ಸೊಸೆಯೂ ಆಗಿರುತ್ತಿರಲಿಲ್ಲ. ಮಗ್ಗ ಹೋದರೆ ಆ ಹೊತ್ತು ಮತ್ತೆ ಅತ್ತೆಯ 'ಮಲಗೋ ಹೊತ್ತು' ಆಗುತ್ತದೆ. ತಾಜುನ್ನಿಸಾ ವಾಡಿಯಲ್ಲಿ ಸಂಬಳವಿಲ್ಲದ ಅಡುಗೆಯವಳಾಗುತ್ತಾಳೆ. ಹಾಗೆಂದು ನಜಮುನ್ನೀಸಾಳ ಕಷ್ಟ ಸುಳ್ಳೇ? ಅದೂ ಅಲ್ಲ. ಒಬ್ಬ ಹೆಂಗಸಿನ ಬೆನ್ನು ಮುರಿದರೆ ಇನ್ನೊಬ್ಬ ಹೆಂಗಸಿನ ಬೆನ್ನು ಹುಡುಕುವುದು ಬಿಟ್ಟು ಆ ಮನೆಗಳಿಗೆ ಬೇರೆ ಉಪಾಯ ತಿಳಿದಿರಲಿಲ್ಲ.

"ಆಪಾ, ದಿನಾ ನೇದದ್ದು ಚೂರು ಚೂರು ಬಿಚ್ಚಿದ್ರ?" ಎಂದಳು ಸಾಬಮ್ಮ ಒಂದು ದಿನ. ತಾಜುನ್ನಿಸಾಳನ್ನು ಈಗ ಅಕ್ಕ ಎಂಬಂತೆ ಆಪಾ ಎನ್ನುತ್ತಿದ್ದಳು.

ತಾಜುನ್ನಿಸಾ ಕಣ್ಣು ಕೆಂಪಗೆ ಮಾಡಿದಳು. "ಬಿಚ್ಚಿ ನೇಯೋ ಕೈ ನಂದಲ್ಲ. ಅಲ್ಲಿ ಹುಡುಗ್ಯಾರು ಸುಣ್ಣದ ಗೋಡಿ ನೋಡ್ಕೋತ ಕುಂತಾರ. ಹುಸಿ ಕೆಲಸ ಮಾಡಿ ಮಗ್ಗ ಉಳಿಸ್ಕೊಂಡ್ರ ಆ ಮಗ್ಗ ತಗೊಂಡು ನಾ ಏನು ಮಾಡಲಿ?"

ಶ್ರಾವಣದಲ್ಲಿ ಪಂಚಮಿಗೆ ಸಾಬಮ್ಮ ಮಳಖೇಡಕ್ಕೆ ತವರಿಗೆ ಹೋದಳು. ಹೊಳೆ ಕೋಟೆಯ ಗೋಡೆಯತನಕ ಬಂದಿತ್ತು. ಅಪ್ಪ ಸೂಗಪ್ಪ ದಂಡೆಯ ಮೇಲೆ ಕಾಲು ಚಾಚಿ ಕೂತು ಬಲೆ ಸರಿಮಾಡುತ್ತಿದ್ದ. ಹರಿದು ಹೋದ ಭಾಗ ಕತ್ತರಿಸಿ ಬಿಸಾಕಿ, ಉಳಿದ ಹಳೆಯ ಅಂಚಿಗೆ ಹೊಸ ಕಣ್ಣುಗಳನ್ನು ಒಂದೊಂದಾಗಿ ಕಟ್ಟುತ್ತಾ ಹೋಗುತ್ತಿದ್ದ. ಸಾಬಮ್ಮ ಚಿಕ್ಕಂದಿನಿಂದ ಅದನ್ನು ನೋಡಿದ್ದಳು. ಆ ದಿನ ಕಣ್ಣು ನೆಟ್ಟು ನೋಡಿದಳು.

"ಅಪ್ಪಾ, ಈ ಬಲಿ ನೀ ಯಾವಾಗ ಶುರು ಮಾಡಿದ್ದು?"

"ನಾ ಎಲ್ಲಿ ಶುರು ಮಾಡೀನಿ? ನಿಮ್ಮ ಅಜ್ಜಂದು ಇದು. ಅವ ಕಟ್ಟಿದ ಕಣ್ಣು ಈಗ ಒಂದೂ ಉಳದಿರಲಿಕ್ಕಿಲ್ಲ ಬಿಡು. ಆದ್ರೂ ಬಲಿ ಅದೇ."

"ಮುಗಿಯೂದು ಯಾವಾಗ?"

"ಬಲಿ ಮುಗೀತದೇನು ಹುಚ್ಚಿ? ಕಟ್ಟೋರು ಇರೂತನಕ ಇರತದ."

ಸಾಬಮ್ಮ ಎದ್ದು ಸೀರೆ ಕೊಡವಿದಳು. ಜೋಕಾಲಿಗೆ ಹಗ್ಗ ಕಟ್ಟುತ್ತಿದ್ದ ಅವಳ ಅವ್ವ ಕೂಗಿಕೊಂಡಳು: "ಪಂಚಮಿಗಿ ಬಂದಾಕಿ ಉಂಡಿ ಸೈತ ತಿನಲಾರದೆ ಹೊಂಟೀಯಲ್ಲೇ? ಗಂಡನ್ನ ಬಿಟ್ಟು ಒಂದಿನ ಇರಲಿಕ್ಕ ಆಗವಲ್ದೇನು?"

"ಗಂಡನ್ನ ಬಿಟ್ಟು ಇರತೀನವ್ವ," ಎಂದಳು ಸಾಬಮ್ಮ, "ಮಗ್ಗ ಬಿಟ್ಟು ಆಗವಲ್ದು."

ತಾಜುನ್ನಿಸಾಳ ಅತ್ತೆಯ ಕಾಲದಿಂದಲೂ ರೂಢಿ ಒಂದೇ. ಜಮಖಾನ ಮುಗಿದ ಮೇಲೆ ಕೊಯ್ದು, ಮಗ್ಗ ಬರಿದು ಮಾಡಿ, ಧೂಳು ಒರೆಸಿ, ಆಮೇಲೆ ಹೊಸ ಹಾಸು ಎಳೆಯುವುದು. ಹಾಗಲ್ಲದೆ, ಕೊಯ್ಯುವ ಮೊದಲೇ ಹಳೆಯ ಹಾಸಿನ ಒಂದೊಂದು ಎಳೆಗೆ ಹೊಸ ಹಾಸಿನ ಒಂದೊಂದು ಎಳೆ ಗಂಟು ಹಾಕಿಬಿಟ್ಟರೆ? ಗಂಟುಗಳ ಕೆಳಗೆ ಕೊಯ್ದರೆ ಜಮಖಾನ ಕೆಳಗೆ ಬೀಳುತ್ತದೆ, ಮಗ್ಗದ ಮೇಲೆ ಹಾಸು ಉಳಿಯುತ್ತದೆ.

ಶಹಾಬಾದಿಗೆ ಮರಳಿದವಳೇ ಸಾಬಮ್ಮ ಇದನ್ನು ಇಬ್ಬರ ಮುಂದೂ ಇಟ್ಟಳು. "ಲಾಲೂಗ ಮೋಸ ಮಾಡಿದಾಂಗ ಆಗತದ," ಎಂದಳು ತಾಜುನ್ನಿಸಾ.

"ಮೋಸ ಕದಾ ಮುಚ್ಚಿ ಮಾಡತಾರ ಆಪಾ. ನಾವು ಬಾಗಲಾ ತೆರದು, ಹಗಲಿನಾಗ, ಓಣಿಯವರೆಲ್ಲ ನೋಡೂ ಹಾಂಗ ಕಟ್ಟೂಣು."

"ಸಾವಿರಾರು ಎಳಿ ಅವ!" ಎಂದಳು ಶಿವಕಾಂತಮ್ಮ.

"ಅದಕ್ಕೇ ನೀವು ಇದ್ದೀರಲ್ಲ. ಎಳಿ ಹಿಡಕೋರಿ, ಗಂಟು ನಾ ಹಾಕತೀನಿ."

ಹಾಗೆಯೇ ಕಟ್ಟಿದರು. ಹೊಸ ಹಾಸಿನ ಎಳೆಗಳಿಗೆ ಸಾಬಮ್ಮನೇ ಹೊಸೆದ ಬಲೆಯ ಬಿಗಿತದ ನೂಲು. ಶಿವಕಾಂತಮ್ಮ ತುದಿಗಳನ್ನು ಬಿಡಿಸಿ ಬಿಡಿಸಿ ಕೊಟ್ಟಳು, ಸಾಬಮ್ಮ ಗಂಟು ಹಾಕಿದಳು, ತಾಜುನ್ನಿಸಾ ಪ್ರತಿ ಗಂಟನ್ನೂ ಜಗ್ಗಿ ನೋಡಿದಳು. ಓಣಿಯ ಹೆಂಗಸರು ಬಂದು ನಿಂತು ನೋಡಿ ಹೋದರು. ಬೆರಳ ತುದಿ ಹರಿದು ರೊಟ್ಟಿ ಬಡಿಯುವಾಗ ಉರಿಯುತ್ತಿತ್ತು. "ರೊಟ್ಟಿ ಯಾಕ ದಪ್ಪ ಆಗ್ಯಾವ?" ಎಂದು ಅತ್ತೆ ಕೇಳಿದರೆ, "ಹಿಟ್ಟು ಹಂಗ ಅದ" ಎಂದಳು ಸಾಬಮ್ಮ. ಹೊಳೆ ಮುಗಿದ ದಿನ ತಾಜುನ್ನಿಸಾ ತಾನೇ ವಾಡಿಗೆ ಹೇಳಿ ಕಳಿಸಿದಳು.

ಲಾಲ್ ಅಹ್ಮದ್ ಎತ್ತಿನ ಬಂಡಿಯೊಂದಿಗೆ ಬಂದ, ಕೈಯಲ್ಲಿ ತೊಲೆ ಬಡಿದು ಬಿಚ್ಚಲು ಮರದ ಕೊಡತಿಯೂ ಇತ್ತು. ಶಿವರಾಯನೂ ಆ ದಿನ ಖಣಿ ತಪ್ಪಿಸಿ ಬಂದು ಅಂಗಳದಲ್ಲಿ ನಿಂತಿದ್ದ. ತಾಜುನ್ನಿಸಾ ಬಿಸ್ಮಿಲ್ಲಾ ಎಂದು ಕತ್ತರಿ ಹಿಡಿದಳು. ಎಡದಿಂದ ಬಲಕ್ಕೆ ಎಳೆಗಳು ಟಪಟಪನೆ ಕತ್ತರಿಸಿಕೊಂಡವು. ಭಾರವಾದ ಹೊಳೆ ಶಿವಕಾಂತಮ್ಮನ ತೋಳಿನ ಮೇಲೆ ಮಡಚಿಕೊಂಡು ಬಿತ್ತು. ಆ ಕ್ಷಣವೇ ಸಾಬಮ್ಮ ಮೇಲಿಂದ ಇಳಿಬಿದ್ದಿದ್ದ ಹೊಸ ಎಳೆಗಳ ಗೊಂಚಲು ಹಿಡಿದು ಕೆಳಗಿನ ತೊಲೆಗೆ ಬಿಗಿಯತೊಡಗಿದಳು. ಕತ್ತರಿ ಮೂಲೆ ಮುಟ್ಟುವ ಹೊತ್ತಿಗೆ ಮಗ್ಗದ ಅರ್ಧ ಆಗಲೇ ತುಂಬಿತ್ತು.

ಲಾಲ್ ಅಹ್ಮದನ ಕೊಡತಿ ಕೆಳಗಿಳಿಯಿತು. "ಇದೇನು ಭಾಭಿ?"

"ಹಾಸು."

"ಮುಗೀತು ಅಂದಿದ್ರಿ."

"ಜಮಖಾನ ಮುಗೀತು. ನಿಮ್ಮ ಅಮ್ಮಿ ಮಾತು ನೀನೇ ನೆನಪು ಮಾಡಿದಿ ಲಾಲೂ. ಹಾಸು ಇರೂ ಮಗ್ಗಕ್ಕ ಕೈ ಹಚ್ಚಬಾರದು. ಈಗ ಅದ, ನೋಡು."

"ಇದು ಆಟ ಆತು."

"ಆಟ ಅಲ್ಲ. ಆ ಗಂಟು ಒಂದು ಜಗ್ಗಿ ನೋಡು. ಬಿಚ್ಚಿ ಬಂದ್ರ ತೊಲಿ ತಗೊಂಡು ಹೋಗು."

ಅವನು ಚಪ್ಪಲಿ ಕಳಚಿ ಒಳಗೆ ಬಂದ. ಸಾಬಮ್ಮ ಸರಿದು ಜಾಗ ಬಿಟ್ಟಳು. ಅವನು ಒಂದು ಎಳೆ ಹಿಡಿದು ಜಗ್ಗಿದ. ಇನ್ನೊಂದು ಜಗ್ಗಿದ. ನಡುವಿನದೊಂದನ್ನು ಕೈಗೆ ಸುತ್ತಿಕೊಂಡು ಮೈ ಹಿಂದಕ್ಕೆ ಹಾಕಿ ಎಳೆದ. ಮೇಲಿನ ತೊಲೆ ಕಿರ್ರೆಂದಿತು, ಗಂಟು ಕದಲಲಿಲ್ಲ.

"ಯಾರು ಹಾಕಿದ್ದು ಇದು?"

"ನಾನರಿ," ಎಂದಳು ಸಾಬಮ್ಮ.

ಅವನು ಕೈಗೆ ಬಿದ್ದ ನೂಲಿನ ಬರೆ ನೋಡಿಕೊಂಡ. "ಮನ್ಯಾಗ ಅಡಿಗಿ ಯಾರು ಮಾಡಬೇಕು ಭಾಭಿ?" ಎಂದಾಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯದವನ ಗಾಬರಿ ಇತ್ತು.

"ನಜಮುನ್ನೀಸಾನ್ನ, ಕೂಸುಗಳನ್ನ ಇಲ್ಲಿಗಿ ಕಳಸು. ಆಕಿ ಎದ್ದು ಓಡಾಡೂತನಕ ನಾ ನೋಡ್ಕೋತೀನಿ, ಇವರೂ ಅದಾರ. ನಿನ್ನ ಒಬ್ಬನ ಅಡಿಗಿ ನೀ ಮಾಡ್ಕೋ. ರೈಲಿಗಿ ಹಳಿ ತಪ್ಪಲಾರದಾಂಗ ದಾರಿ ತೋರಸ್ತಿ, ಬ್ಯಾಳಿ ಕುದಸಲಿಕ್ಕ ಬರೂದಿಲ್ಲೇನು?"

ಅಂಗಳದಿಂದ ಶಿವರಾಯ ನಕ್ಕ. ಸಾಬಮ್ಮ ಅವನ ಕಡೆ ತಿರುಗಿದಳು. "ನೀ ಯಾಕ ನಗತಿ? ನಿನಗೂ ಕಲಸೂದು ಅದ." ಅವನ ನಗು ಬಾಯಲ್ಲೇ ಉಳಿಯಿತು. ಈ ಸಲ ಲಾಲ್ ಅಹ್ಮದನೇ ನಕ್ಕುಬಿಟ್ಟ.

ಜಮಖಾನವನ್ನು ಅಂಗಳದ ಫರಸಿಯ ಮೇಲೆ ಬಿಚ್ಚಿ ಹಾಸಿದರು. ಬೆಲ್ಲದ ಬಣ್ಣ, ಕಾಚಿನ ಬಣ್ಣ, ಸುಟ್ಟ ಮಣ್ಣಿನ ಬಣ್ಣ ಒಂದರೊಳಗೊಂದು ಹೊರಳಿ ಹೊಳೆ ಗೋಡೆಯಿಂದ ಗೋಡೆಗೆ ಹರಿಯಿತು. ಒಂದು ಮೂಲೆಯೂ ಮೇಲೇಳಲಿಲ್ಲ. ಓಣಿಯ ಮಕ್ಕಳು ಮೀನು ಎಣಿಸಲು ಬಗ್ಗಿದರು. ಬಂಡಿ ಬರಿದೇ ಹೋಗಲಿಲ್ಲ. ಸುರುಳಿಯ ಒಂದು ತುದಿಯನ್ನು ಶಿವರಾಯ, ಇನ್ನೊಂದನ್ನು ಲಾಲ್ ಅಹ್ಮದ್ ಎತ್ತಿ ಬಂಡಿಗೆ ಹಾಕಿದರು. ಸ್ಟೇಷನ್ನಿನಲ್ಲಿ ಅದನ್ನು ರೈಲಿಗೆ ಹೇರಿಸಿ, ವಾಡಿಯಲ್ಲಿ ಗಾಡಿ ಬದಲಿಸಿ, ಸೇಡಂವರೆಗೆ ತಾನೇ ಜೊತೆಗೆ ಬಂದವನು ಲಾಲ್ ಅಹ್ಮದ್. ಸೇಡಂನಿಂದ ಚಿಂಚೋಳಿಗೆ ಬಸ್ಸಿನ ಟಾಪಿನ ಮೇಲೆ ಹೋಯಿತು ಹೊಳೆ. ಒಳಗೆ ಕಿಟಕಿಯ ಪಕ್ಕ ಸಾಬಮ್ಮ ಕೂತಿದ್ದಳು. ತವರು, ಗಂಡನ ಮನೆ ಬಿಟ್ಟು ಮೂರನೆಯ ಊರೊಂದಕ್ಕೆ ಅವಳು ಹೊರಟದ್ದು ಅದೇ ಮೊದಲು. ಶಾಲೆಯಲ್ಲಿ ಅದನ್ನು ಗೋಡೆಗೆ ಏರಿಸಿದಾಗ ಹುಡುಗಿಯರು ಪಾಠ ಬಿಟ್ಟು ಎದ್ದು ಬಂದರು. ವಿಮಲಾಬಾಯಿ ಗದರಲಿಲ್ಲ; ತಾವೂ ಅವರ ನಡುವೆ ನಿಂತುಕೊಂಡರು.

ಆಮೇಲೆ ಆ ಮಗ್ಗ ಬರಿದಾಗಲೇ ಇಲ್ಲ. ಹೈದರಾಬಾದ್ ರಾಜ್ಯ ಮುಗಿದು ಈ ಊರುಗಳು ಮೈಸೂರಿಗೆ ಸೇರುವ ಹೊತ್ತಿಗೆ ಆ ಪಡಸಾಲೆಯ ಪಕ್ಕದಲ್ಲೊಂದು ಫರಸಿ ಕಲ್ಲಿನ ಕೋಣೆ ಎದ್ದು, ಇನ್ನೆರಡು ಮಗ್ಗಗಳು ನಿಂತವು. ಚಿತ್ತಾಪುರ, ಕುರಕುಂಟಾಗಳಿಂದಲೂ ಹೆಂಗಸರು ಕಲಿಯಲು ಬಂದರು. ಆದರೆ ಅವೆಲ್ಲ ಇನ್ನೂ ಮುಂದಿನ ಮಾತು.

ಚಿಂಚೋಳಿಯಿಂದ ಬಂದ ಮರುವಾರ ಸಾಬಮ್ಮ ಖಣಿಯಿಂದ ನೇರ ಮಗ್ಗಕ್ಕೆ ಬಂದಾಗ ಪಡಸಾಲೆಯಲ್ಲಿ ಒಂದು ತೊಟ್ಟಿಲು ತೂಗುತ್ತಿತ್ತು. ಗೋಡೆಗೆ ಒರಗಿ ಬಿಳಿಚಿಕೊಂಡ ಸಣ್ಣ ಹೆಂಗಸೊಬ್ಬಳು ಕೂತಿದ್ದಳು. ನಜಮುನ್ನೀಸಾ. ಶಿವಕಾಂತಮ್ಮ ತನ್ನ ತಂಬಿಗೆಯ ನೀರನ್ನೇ ಲೋಟಕ್ಕೆ ಬಗ್ಗಿಸಿ ಅವಳಿಗೆ ಕುಡಿಸುತ್ತಿದ್ದಳು.

"ಅಲ್ಲಿ ಅವರು ಏನು ಉಣ್ಣಾಕತ್ತಾರ?" ಎಂದು ಕೇಳಿದಳು ಸಾಬಮ್ಮ.

"ಮೊದಲನೇ ದಿನ ಬ್ಯಾಳಿ ಸುಟ್ಟಾರಂತ. ಎರಡನೇ ದಿನ ಉಪ್ಪು ಹಾಕೂದು ಮರತಾರಂತ," ಎಂದಳು ನಜಮುನ್ನೀಸಾ. ಅವಳ ದನಿ ಸಣ್ಣದು, ಒಳಗೆ ನಗು ಇತ್ತು. "ನಿನ್ನೆ ಹೇಳಿ ಕಳಸ್ಯಾರ, ಬರೋಬ್ಬರಿ ಬಂತು ಅಂತ. ದೊಡ್ಡ ಸುದ್ದಿ ಮಾಡ್ಯಾರ."

ಹೀಗೇ ಹಲವು ದಿನ ಅವಳು ಅಲ್ಲೇ ಒರಗಿ ನೋಡಿದಳು. ಮುಖಕ್ಕೆ ರಕ್ತ ಬಂತು. ಒಂದು ಮಧ್ಯಾಹ್ನ ಕೂಸು ಮಲಗಿದ ಮೇಲೆ ಗೋಡೆ ಹಿಡಿದು ಎದ್ದು, ಮಗ್ಗದತನಕ ನಡೆದು ಬಂದು ನಿಂತಳು.

"ಆಪಾ, ನನಗೂ ಒಂದಿಷ್ಟು ಜಾಗ ಅದ ಏನು?"

ತಾಜುನ್ನಿಸಾ ಹಲಗೆಯ ಮೇಲೆ ಆಚೆ ಜರುಗಿದಳು. ಶಿವಕಾಂತಮ್ಮ ಸೆರಗು ಎಳೆದುಕೊಂಡು ಈಚೆ ಜರುಗಿದಳು. ನಡುವೆ ಒಬ್ಬರು ಕೂರುವಷ್ಟು ಜಾಗವಾಯಿತು. ಸಾಬಮ್ಮ ಅವಳ ಕೈ ಹಿಡಿದು ಅಲ್ಲಿ ಕೂರಿಸಿ, ಪಂಜಾವನ್ನು ಆ ಕೈಗೇ ಕೊಟ್ಟಳು.

"ಮೆಲ್ಲಗ ಬಡೀರಿ," ಎಂದಳು. "ತೋಳಿಗಿ ಬಲ ಬಂದಾಂಗ ಜೋರು ಮಾಡೂಣು."